ನಾನೇ ಮಾಡಿಸಿದ ಶುಗರ್ ಕ್ಯಾಂಪ್

ನನ್ನ ಮೊಬೈಲಿನಲ್ಲಿ ಒಂದು ಫೋಟೊ ಇದೆ. ಹಿರೇಗುಂಟನೂರಿನಲ್ಲಿ ಒಂದು ಶಾಮಿಯಾನ, ಅದರ ಮುಂದೆ ಕಂಪನಿಯ ಹೆಸರಿರುವ ನೀಲಿ ಟೀ ಶರ್ಟು ಹಾಕಿಕೊಂಡ ಹನ್ನೆರಡು ಜನ. ನಡುವೆ ನಾನು. ಹಿಂದೆ ಫ್ಲೆಕ್ಸು: 'ಉಚಿತ ಮಧುಮೇಹ ತಪಾಸಣಾ ಶಿಬಿರ'. ಅವತ್ತು ನವೆಂಬರ್ 14, ವಿಶ್ವ ಮಧುಮೇಹ ದಿನ. ಫೋಟೊದ ಎಡಗಡೆ ತುದಿಯಲ್ಲಿ, ಅರ್ಧ ಕತ್ತರಿಸಿ ಹೋದ ಹಾಗೆ, ಬಿಳಿ ಪಂಚೆ ಉಟ್ಟ ನಮ್ಮ ದೊಡ್ಡಪ್ಪ ನಿಂತಿದ್ದಾರೆ. ಅವರು ಎರಡೂ ಕಾಲ ಮೇಲೆ ನಿಂತಿರುವ ಕೊನೆಯ ಫೋಟೊಗಳಲ್ಲಿ ಅದೂ ಒಂದು.

ಈಗ ಅವರಿಗೆ ಬಲಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ.

ಆ ಕ್ಯಾಂಪು ಊರಿಗೆ ಬಂದದ್ದು ನನ್ನಿಂದ. 'ಈ ವರ್ಷ ಯಾವುದಾದರೂ ಹಳ್ಳಿಯಲ್ಲಿ ಹೆಲ್ತ್ ಕ್ಯಾಂಪ್ ಮಾಡೋಣ, ಯಾರಿಗಾದರೂ ಜಾಗ ಗೊತ್ತಾ' ಅಂತ ಆಫೀಸಿನ ಸಿಎಸ್‌ಆರ್ ಟೀಮು ಮೇಲ್ ಹಾಕಿದಾಗ ಮೊದಲು ಉತ್ತರ ಕೊಟ್ಟವನು ನಾನೇ. ಚಿತ್ರದುರ್ಗ ತಾಲ್ಲೂಕು, ಹಿರೇಗುಂಟನೂರು ಹೋಬಳಿ, ಮಳೆ ನಂಬಿದ ಮೆಕ್ಕೆಜೋಳ, ಬೋರು ನಂಬಿದ ಅಡಿಕೆ ಅಂತೆಲ್ಲ ಒಂದು ಪ್ಯಾರಾ ಬರೆದು ಕಳಿಸಿದೆ. ಊರು ಬಿಟ್ಟು ಬೆಂಗಳೂರು ಸೇರಿದವರಿಗೆಲ್ಲ ಒಂದು ಕಿರಿಕಿರಿ ಇರುತ್ತಲ್ಲ, ಊರಿಗೆ ಏನೋ ಬಾಕಿ ಉಳಿಸಿಕೊಂಡಿದ್ದೀವಿ ಅಂತ, ಅದನ್ನು ತೀರಿಸಿಕೊಳ್ಳೋಕೆ ಒಂದು ದಾರಿ ಸಿಕ್ಕ ಹಾಗಾಯ್ತು.

ಬೆಳಿಗ್ಗೆ ಹತ್ತಕ್ಕೆ ಶುರು. ಇನ್ನೂರಕ್ಕೂ ಹೆಚ್ಚು ಜನ ಸಾಲು ನಿಂತರು. ಬೆರಳಿಗೆ ಸೂಜಿ ಚುಚ್ಚು, ಒಂದು ತೊಟ್ಟು ರಕ್ತ, ಮಿಷಿನ್ನಿನಲ್ಲಿ ನಂಬರು, ಚೀಟಿಯ ಮೇಲೆ ನಂಬರು, ಕೈಗೊಂದು ಬಿಸ್ಕತ್ ಪ್ಯಾಕೆಟ್ಟು. ನಂಬರು ಜಾಸ್ತಿ ಇದ್ದವರಿಗೆ ಚೀಟಿಯ ಮೇಲೊಂದು ಸೀಲು: 'ಕೂಡಲೇ ವೈದ್ಯರನ್ನು ಕಾಣಿರಿ'. ದೊಡ್ಡಪ್ಪನ ಚೀಟಿಯಲ್ಲಿ 286. ನಮ್ಮ ಟೀಮಿನ ಹುಡುಗಿ ಅದರ ಸುತ್ತ ಕೆಂಪು ಪೆನ್ನಲ್ಲಿ ಸೊನ್ನೆ ಸುತ್ತಿದಳು. ನಾನು 'ದೊಡ್ಡಪ್ಪ, ಶುಗರ್ ಐತೆ, ಡಾಕ್ಟ್ರಿಗೆ ತೋರಿಸ್ಬೇಕು' ಅಂದೆ. ಅವರು 'ಹೂಂ ಕಣಪ್ಪ' ಅಂದರು. ನಾಲ್ಕು ಗಂಟೆಗೆ ನಮ್ಮ ಬಸ್ಸು ಹೊರಟಿತು, ನೆಲಮಂಗಲದ ಟ್ರಾಫಿಕ್ಕಿಗೆ ಮೊದಲು ದಾಟಿಕೊಳ್ಳಬೇಕಿತ್ತು. ರಾತ್ರಿ ಲಿಂಕ್ಡ್‌ಇನ್‌ನಲ್ಲಿ ಹಾಕಿದ ಪೋಸ್ಟಿಗೆ ಬಂದಷ್ಟು ಲೈಕು ನನ್ನ ಪ್ರಮೋಷನ್ನಿಗೂ ಬಂದಿರಲಿಲ್ಲ.

ಒಂದೂವರೆ ವರ್ಷದ ಮೇಲೆ ಕಣದಲ್ಲಿ ಕೆಲಸ ಮಾಡುವಾಗ ದೊಡ್ಡಪ್ಪನ ಅಂಗಾಲಿಗೆ ಜಾಲಿಮುಳ್ಳು ಹೊಕ್ಕಿತು. ಹೊಕ್ಕದ್ದು ಅವರಿಗೆ ಗೊತ್ತೇ ಆಗಲಿಲ್ಲ. ಮೂರನೇ ದಿನ ಹಾಸಿಗೆ ಒದ್ದೆಯಾಗಿದ್ದು ನೋಡಿ ದೊಡ್ಡಮ್ಮ ಕಾಲು ಎತ್ತಿ ನೋಡಿದರು. ಅರಿಶಿನ ಹಚ್ಚಿದ್ದಾಯ್ತು, ಮೆಡಿಕಲ್ ಸ್ಟೋರಿನ ಮುಲಾಮು ಆಯ್ತು, ಕೊನೆಗೆ ದಾವಣಗೆರೆ. ಅಲ್ಲಿ ಮೊದಲು ಒಂದು ಬೆರಳು ಅಂದರು, ಆಮೇಲೆ ಪಾದ ಅಂದರು, ಆಮೇಲೆ ಮೊಣಕಾಲಿನ ಕೆಳಗೆ.

ಆಸ್ಪತ್ರೆಗೆ ರೇಷನ್ ಕಾರ್ಡ್ ಬೇಕು ಅಂತ ನಾನು ಊರಿಗೆ ಹೋಗಿ ಟ್ರಂಕು ತೆಗೆದೆ. ಕಾರ್ಡಿನ ಜೊತೆ ಒಂದು ಪ್ಲಾಸ್ಟಿಕ್ ಕವರು ಸಿಕ್ಕಿತು. ಅದರೊಳಗೆ ನಾಲ್ಕು ಚೀಟಿ. ಒಂದು ಜಾತ್ರೆಯ ಕ್ಯಾಂಪಿನದು, ಒಂದು ಯಾರೋ ಲೀಡರ್ ಹುಟ್ಟುಹಬ್ಬದ್ದು, ಒಂದು ಕಣ್ಣಿನ ಕ್ಯಾಂಪಿನದು, ಇನ್ನೊಂದು ನಮ್ಮದು. ನಾಲ್ಕರಲ್ಲೂ ಇನ್ನೂರು ದಾಟಿದ ನಂಬರು. ಜಮೀನಿನ ಪಹಣಿಯಷ್ಟೇ ಜೋಪಾನವಾಗಿ ಮಡಿಸಿ ಇಟ್ಟಿದ್ದರು.

'ಯಾಕೆ ದೊಡ್ಡಪ್ಪ, ಇಷ್ಟು ಚೀಟಿ ಇಟ್ಕಂಡು ಯಾರಿಗೂ ತೋರಿಸ್ಲಿಲ್ಲ?'

'ತೋರಿಸ್ದೆನಲ್ಲಪ್ಪ, ನಾಕು ಸಲ ಚೆಕ್ ಮಾಡಿಸ್ಕಂಡೀನಿ. ನೀನೇ ಒಂದ್ಸಲ ಮಾಡ್ಸಿದ್ಯಲ್ಲ.'

ಅವರ ಲೆಕ್ಕದಲ್ಲಿ ಪರೀಕ್ಷೆಯೇ ಚಿಕಿತ್ಸೆ. ಹಾಗಂತ ಅವರಿಗೆ ಕಲಿಸಿದ್ದು ನಾವು. ನಾಲ್ಕು ಸಲ ಶಾಮಿಯಾನ ಹಾಕಿ, ಸೂಜಿ ಚುಚ್ಚಿ, ಫೋಟೊ ತೆಗೆಸಿಕೊಂಡು, ಬಸ್ಸು ಹತ್ತಿದ ನಾವು.

ಇದನ್ನು ಕೇಳಿದ ಆಫೀಸಿನ ಗೆಳೆಯರೊಬ್ಬರು 'ಪಾಪ, ಹಳ್ಳಿ ಜನಕ್ಕೆ ಅವೇರ್‌ನೆಸ್ ಇಲ್ಲ ಅಲ್ವಾ' ಅಂದರು. ಅವರು ಎಡತೋಳಿಗೆ ಸೆನ್ಸರ್ ಅಂಟಿಸಿಕೊಂಡಿದ್ದಾರೆ. ಮಸಾಲೆ ದೋಸೆ ತಿಂದರೆ ಗ್ರಾಫು ಎಷ್ಟು ಏರುತ್ತೆ, ಊಟದ ಮೇಲೆ ನಡೆದರೆ ಎಷ್ಟು ಇಳಿಯುತ್ತೆ ಅಂತ ಮೊಬೈಲಿನಲ್ಲಿ ನೋಡುತ್ತಿರುತ್ತಾರೆ. ಅವರಿಗೆ ಶುಗರ್ ಇಲ್ಲ, ಸುಮ್ಮನೆ ಕುತೂಹಲ. ನನಗೆ ಅವರ ಮೇಲೆ ಕೋಪ ಇಲ್ಲ, ಸೆನ್ಸರ್ ಮೇಲೂ ಇಲ್ಲ. ಆದರೆ ಆ 'ಅವೇರ್‌ನೆಸ್' ಅನ್ನುವ ಪದ ಕೇಳಿದರೆ ಮೈ ಉರಿಯುತ್ತದೆ. ನಾಲ್ಕು ಚೀಟಿ ಜೋಪಾನ ಮಾಡಿದ ಮನುಷ್ಯನಿಗೆ ಅರಿವಿರಲಿಲ್ಲ ಅನ್ನಬೇಡಿ. ಚೀಟಿಯಿಂದ ಮಾತ್ರೆಯವರೆಗೆ, ಮಾತ್ರೆಯಿಂದ ಅಂಗಾಲಿನವರೆಗೆ ದಾರಿಯನ್ನೇ ಯಾರೂ ಹಾಕಿರಲಿಲ್ಲ.

ಈಗ ವಿಜ್ಞಾನದ ಕಡೆ ನೋಡಿ. ಅದು ತನ್ನ ಪಾಲಿನ ಬಹಳಷ್ಟು ಕೆಲಸ ಮಾಡಿ ಮುಗಿಸಿದೆ. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಕಣ್ಣು, ಕಿಡ್ನಿಯಂಥ ಕಡೆ ಸಣ್ಣ ರಕ್ತನಾಳಗಳಿಗೆ ಆಗುವ ಹಾನಿ ಸುಮಾರು ಕಾಲು ಭಾಗ ತಗ್ಗುತ್ತದೆ ಅಂತ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನ ತೋರಿಸಿದ್ದು 1998ರಲ್ಲಿ. ನಮ್ಮ ಪಕ್ಕದ ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಶುಗರ್ ಬರುವ ಅಂಚಿನಲ್ಲಿದ್ದ 531 ಜನರನ್ನು ಮೂರು ವರ್ಷ ಹಿಂಬಾಲಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮ್ಮನೆ ಬಿಟ್ಟವರಲ್ಲಿ ಶೇ. 55 ಮಂದಿಗೆ ಕಾಯಿಲೆ ಬಂತು, ಊಟ–ನಡಿಗೆ ತಿದ್ದಿಕೊಂಡವರಲ್ಲಿ ಶೇ. 39 ಮಂದಿಗೆ. ಮೆಟ್‌ಫಾರ್ಮಿನ್ ಮಾತ್ರೆಗೆ ಒಂದೆರಡು ರೂಪಾಯಿ. ಕಾಲಿನ ಸ್ಪರ್ಶ ಹೋಗಿದೆಯಾ ಅಂತ ನೋಡೋಕೆ ದೊಡ್ಡ ಯಂತ್ರ ಬೇಡ. ಕಣ್ಣು ಮುಚ್ಚಿಸಿ, ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ 'ಗೊತ್ತಾಯ್ತಾ' ಅಂತ ಕೇಳಿದರೆ ಸಾಕು. ಆರರಲ್ಲಿ ಎರಡು ಕಡೆ ಗೊತ್ತಾಗದಿದ್ದರೆ ಆ ಕಾಲು ಅಪಾಯದಲ್ಲಿದೆ ಅಂತ ಲೆಕ್ಕ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ವೈದ್ಯರು ಇದನ್ನು 2011ರಲ್ಲೇ ಪ್ರಕಟಿಸಿದ್ದಾರೆ. ಖರ್ಚು ಸೊನ್ನೆ.

ಇಷ್ಟೆಲ್ಲ ಗೊತ್ತಿದ್ದೂ ಏನಾಗಿದೆ? ಐಸಿಎಂಆರ್–ಇಂಡಿಯಾಬ್ ಅಧ್ಯಯನ 2023ರಲ್ಲಿ ಹೇಳಿದ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಶುಗರ್ ಇದೆ, ಇನ್ನೂ 13.6 ಕೋಟಿ ಜನ ಅಂಚಿನಲ್ಲಿದ್ದಾರೆ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಹಿಡಿದು 2019ರಲ್ಲಿ ಬಂದ ಇನ್ನೊಂದು ಅಧ್ಯಯನ ಇದಕ್ಕಿಂತ ಖಾರವಾಗಿದೆ. 15ರಿಂದ 49 ವಯಸ್ಸಿನ, ಶುಗರ್ ಇರುವ ನೂರು ಜನರನ್ನು ತಗೊಂಡರೆ, ತಮಗೆ ಕಾಯಿಲೆ ಇದೆ ಅಂತ ಗೊತ್ತಿರೋದು ಸುಮಾರು 52 ಮಂದಿಗೆ. ಚಿಕಿತ್ಸೆಯಲ್ಲಿರೋದು 40 ಮಂದಿ. ಹತೋಟಿಯಲ್ಲಿರೋದು ಸುಮಾರು 25 ಮಂದಿಗೆ. ನಮ್ಮ ಕ್ಯಾಂಪುಗಳೆಲ್ಲ ಮೊದಲ ಮೆಟ್ಟಿಲ ಹತ್ತಿರ ಗುಂಪುಗೂಡಿವೆ. ಅದರ ಮೇಲಿನ ಮೆಟ್ಟಿಲುಗಳಲ್ಲಿ ಜನ ಉದುರುತ್ತಿದ್ದಾರೆ, ಅಲ್ಲಿ ಶಾಮಿಯಾನ ಇಲ್ಲ.

ನಮ್ಮ ಸಾಫ್ಟ್‌ವೇರ್ ಮಂದಿಗೆ ಇದನ್ನು ಅರ್ಥ ಮಾಡಿಸೋದು ಸುಲಭ. ಡೆವಲಪರ್ ಹತ್ತಿರ ಹೋಗಿ 'ಗುರು, ನಿನ್ನ ಕೋಡು ಕಸ್ಟಮರ್ ಹತ್ರ ಓಡ್ತಿಲ್ಲ' ಅಂದರೆ ಅವನು ಹೇಳುವ ಮೊದಲ ಮಾತು: 'ನನ್ನ ಮಷಿನ್ನಲ್ಲಿ ಓಡ್ತಿದೆಯಲ್ಲ'. ಮಧುಮೇಹದ ವಿಜ್ಞಾನ ಚೆನ್ನೈನ ಸಂಶೋಧನಾ ಕೇಂದ್ರದಲ್ಲಿ ಓಡುತ್ತದೆ, ಆಕ್ಸ್‌ಫರ್ಡಿನಲ್ಲಿ ಓಡುತ್ತದೆ. ಹಿರೇಗುಂಟನೂರಿನ ಕಣದಲ್ಲಿ ಯಾಕೆ ಓಡುತ್ತಿಲ್ಲ, ಓಡಬೇಕಾದರೆ ಏನನ್ನು ಬದಲಿಸಬೇಕು ಅಂತ ಕೂತು, ಅಳೆದು, ಮಾಡಿ ನೋಡಿ, ತಪ್ಪಿದರೆ ತಪ್ಪಿತು ಅಂತ ಬರೆದಿಡುವ ಕೆಲಸ ಒಂದಿದೆ. ಇಂಪ್ಲಿಮೆಂಟೇಶನ್ ರಿಸರ್ಚ್ ಅಂತಾರೆ. ನಾನು ಊರು ಮುಟ್ಟಿಸುವ ಸಂಶೋಧನೆ ಅಂತೀನಿ. ಇದಕ್ಕೆ ಗ್ಲಾಮರ್ ಇಲ್ಲ. ಹೊಸ ಅಣು ಕಂಡುಹಿಡಿಯಲ್ಲ, ನೊಬೆಲ್ ಬರಲ್ಲ, ಡ್ರೋನ್ ವಿಡಿಯೊದಲ್ಲಿ ಚೆಂದ ಕಾಣಲ್ಲ. ನಾವು ದುಡ್ಡು ಕೊಡಬೇಕಾದದ್ದು, ಗಲಾಟೆ ಮಾಡಿ ಕೇಳಬೇಕಾದದ್ದು ಇದನ್ನೇ ಅನ್ನೋದು ನನ್ನ ವಾದ.

ನಮ್ಮೂರಲ್ಲೇ ಇದಕ್ಕೆ ಎಷ್ಟು ಪ್ರಶ್ನೆಗಳಿವೆ ಕೇಳಿ. 'ಶುಗರ್ ಇರುವವರು ಬರಿಗಾಲಲ್ಲಿ ನಡೆಯಬಾರದು' ಅಂತ ಎಲ್ಲ ಪುಸ್ತಕದಲ್ಲೂ ಇದೆ. ಕಣಕ್ಕೆ ಮೆಟ್ಟು ಮೆಟ್ಟಿಕೊಂಡು ಹೋಗಬಾರದು ಅನ್ನೋದು ದೊಡ್ಡಪ್ಪನ ನೇಮ. ಧಾನ್ಯ ಬೀಳುವ ಜಾಗ ಅವರಿಗೆ ದೇವರ ಮನೆ ಇದ್ದ ಹಾಗೆ. ಹೊಲದ ಬದುವಿನಲ್ಲೇ ಚಪ್ಪಲಿ ಬಿಡುವವರು ಇವತ್ತಿಗೂ ಇದ್ದಾರೆ. ಅವರಿಗೆ 'ಶೂ ಹಾಕ್ಕೊಳಿ' ಅಂತ ಚೀಟಿ ಬರೆದರೆ ಏನಾಗುತ್ತೆ? ಕಣಕ್ಕೆಂದೇ ತೊಳೆದಿಟ್ಟ ಬಟ್ಟೆಯ ಮೆಟ್ಟು ಕೊಟ್ಟರೆ ಹಾಕ್ಕೋತಾರಾ? ಸಂಜೆ ಕಾಲು ತೊಳೆಯುವಾಗ ಮನೆಯವರು ಅಂಗಾಲು ನೋಡುವ ಪದ್ಧತಿ ಮಾಡಿದರೆ ಎಷ್ಟು ಗಾಯ ಮೊದಲೇ ಸಿಗುತ್ತೆ? ಬಿರುಕು ಬಿಟ್ಟು ದಪ್ಪಗಾದ ಪಾದದಲ್ಲಿ ಆ ಬೆರಳು ಮುಟ್ಟುವ ಪರೀಕ್ಷೆ ಇಂಗ್ಲೆಂಡಿನಷ್ಟೇ ನಂಬಿಕಸ್ಥವಾ? ಇವಕ್ಕೆ ಉತ್ತರ ಇಂಟರ್‌ನೆಟ್ಟಿನಲ್ಲಿ ಸಿಗಲ್ಲ. ಊರಲ್ಲಿ ಕೂತು ನೋಡಿದರೆ ಸಿಗುತ್ತೆ.

ಊಟದ ವಿಷಯಕ್ಕೆ ಬನ್ನಿ. 'ಅನ್ನ ಬಿಡಿ, ಮುದ್ದೆ ಉಣ್ಣಿ' ಅನ್ನೋದು ನಮ್ಮ ಕಡೆ ಎಲ್ಲರ ಬಾಯಲ್ಲಿರುವ ಸಲಹೆ. ದೊಡ್ಡಪ್ಪ ಅನ್ನ ಬಿಟ್ಟರು. ಬದಲಿಗೆ ಎರಡರ ಜಾಗದಲ್ಲಿ ಮೂರು ಮುದ್ದೆ ಉಂಡರು. ರಾಗಿಯಲ್ಲಿ ನಾರು ಇದೆ, ಕ್ಯಾಲ್ಸಿಯಂ ಇದೆ, ನಿಜ. ಪಿಷ್ಟವೂ ಇದೆ, ಅದೂ ಸಕ್ಕರೆಯೇ ಆಗೋದು. ಎಷ್ಟು ದಪ್ಪದ ಮುದ್ದೆ, ಜೊತೆಗೆ ಎಷ್ಟು ಸೊಪ್ಪು, ಎಷ್ಟು ಕಾಳು ಅಂತ ತಟ್ಟೆಯ ಭಾಷೆಯಲ್ಲಿ ಹೇಳಿದವರು ಯಾರೂ ಇಲ್ಲ. ಆಮೇಲೆ ಅವರಿಗೆ ಸಿಕ್ಕ ಡಯಟ್ ಚಾರ್ಟಿನಲ್ಲಿ ಓಟ್ಸ್, ಬ್ರೌನ್ ಬ್ರೆಡ್ ಇತ್ತು. ದೊಡ್ಡಮ್ಮ ಅದನ್ನು ನನಗೆ ತೋರಿಸಿ 'ಇದು ಯಾವ ಅಂಗಡೀಲಿ ಸಿಗುತ್ತಪ್ಪ, ದುರ್ಗದಾಗಾ?' ಅಂದರು.

ಮೂರನೆಯದು ಕೆಲಸದ ದಿನದ ಪ್ರಶ್ನೆ. ಕೂಲಿಗೆ ಹೋಗುವವರು ಬೆಳಗಿನ ಓಪಿಡಿಗೆ ಬಂದರೆ ಆ ದಿನದ ಕೂಲಿ ಹೋಯ್ತು. ಹತ್ತು ದಿನಕ್ಕಾಗುವಷ್ಟು ಮಾತ್ರೆ ಕೊಟ್ಟರೆ ತಿಂಗಳಿಗೆ ಮೂರು ಕೂಲಿ ಹೋಯ್ತು. ಮೂವತ್ತು ದಿನದ್ದು ಒಟ್ಟಿಗೆ ಕೊಟ್ಟರೆ? ಸಂತೆಯ ದಿನ ಕೊಟ್ಟರೆ? ಹಾಲಿನ ಡೇರಿಯ ಹತ್ತಿರ ಬೆಳಿಗ್ಗೆ ಆರಕ್ಕೆ ಕೊಟ್ಟರೆ? 2017ರಲ್ಲಿ ಶುರುವಾದ ಬಿಪಿ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಇಂಥ ಸಣ್ಣ ಸಂಗತಿಗಳನ್ನೇ ಹಿಡಿದುಕೊಂಡಿತು: ಎಲ್ಲ ಕಡೆ ಒಂದೇ ಸರಳ ಔಷಧಿ ಕ್ರಮ, ತಿಂಗಳ ಮಾತ್ರೆ ಒಟ್ಟಿಗೆ, ಬರದೆ ಹೋದವರ ಪಟ್ಟಿ. ಶುಗರ್‌ಗೂ ಅಷ್ಟೇ ಶ್ರದ್ಧೆ ಬೇಕು.

'ಇದನ್ನೆಲ್ಲ ಆಶಾ ಕಾರ್ಯಕರ್ತೆಯರು ಮಾಡಲಿ ಬಿಡಿ' ಅನ್ನೋದು ಮುಂದಿನ ಮಾತು. ಸಾಮಾನ್ಯವಾಗಿ ಸಾವಿರ ಜನಕ್ಕೆ ಒಬ್ಬ ಆಶಾ. ಬಸುರಿ, ಬಾಣಂತಿ, ಲಸಿಕೆ, ಟಿಬಿ, ಸರ್ವೆ, ಆ್ಯಪು ಎಲ್ಲ ಅವರ ತಲೆ ಮೇಲೆ. ಮೂವತ್ತು ದಾಟಿದವರಿಗೆಲ್ಲ ಕಾಯಿಲೆಯ ಅಪಾಯ ಅಳೆಯುವ ನಮೂನೆಯನ್ನೂ ಅವರೇ ತುಂಬಬೇಕು. ರಾಷ್ಟ್ರೀಯ ಆರೋಗ್ಯ ಅಭಿಯಾನದ ಪಟ್ಟಿಯಲ್ಲಿ ಆ ನಮೂನೆ ಒಂದಕ್ಕೆ 10 ರೂಪಾಯಿ. ಬಿಪಿ, ಶುಗರ್ ಇದ್ದವರ ಬೆನ್ನು ಹತ್ತಿ ಚಿಕಿತ್ಸೆ ಬಿಡದ ಹಾಗೆ ನೋಡಿಕೊಂಡರೆ ಒಬ್ಬ ರೋಗಿಗೆ ಆರು ತಿಂಗಳಿಗೆ 50 ರೂಪಾಯಿ. ಇನ್ನೊಂದು ಸಲ ಓದಿ: ಆರು ತಿಂಗಳಿಗೆ. ನಾವು ಒಂದು ಕಾಪಿ ಕಾಫಿಗೆ ಅದರ ಐದರಷ್ಟು ಕೊಡ್ತೀವಿ. 2025ರ ಜನವರಿಯಲ್ಲಿ ಇದೇ ಹೆಣ್ಣುಮಕ್ಕಳು ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತು ಗೌರವಧನಕ್ಕೆ ಧರಣಿ ಮಾಡಿದರು. ಆಗ ನಮ್ಮಲ್ಲಿ ಎಷ್ಟು ಜನ ಅತ್ತ ಕಡೆ ಹೋದೆವು? ನಾನಂತೂ ಹೋಗಲಿಲ್ಲ.

ಇಂಥ ಸಂಶೋಧನೆ ನಮ್ಮ ಕಡೆ ನಡೆದೇ ಇಲ್ಲ ಅಂತಲ್ಲ. ಪಕ್ಕದ ತುಮಕೂರು ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ–ಶುಗರ್ ಮಾತ್ರೆ ಜನರ ಕೈ ಸೇರುವ ದಾರಿಯಲ್ಲಿ ಏನೇನು ಅಡ್ಡ ಬರುತ್ತೆ, ಹೇಗೆ ಸರಿಮಾಡಬಹುದು ಅಂತ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್‌ನವರು ಕೆಲಸ ಮಾಡಿದ್ದಾರೆ. ಬೆಂಗಳೂರಿನ ಕೆ.ಜಿ. ಹಳ್ಳಿಯ ಬಡ ಬೀದಿಗಳಲ್ಲೂ ಮಾಡಿದ್ದಾರೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹಳೆಯ ಹೆರಿಗೆ ದಾಖಲೆಗಳನ್ನು ಹಿಡಿದು, ಹುಟ್ಟಿದಾಗಿನ ತೂಕಕ್ಕೂ ದೊಡ್ಡವರಾದ ಮೇಲೆ ಬರುವ ಕಾಯಿಲೆಗೂ ಇರುವ ನಂಟನ್ನು ದಶಕಗಳಿಂದ ಹುಡುಕುತ್ತಿದ್ದಾರೆ. ಲೋಕದ ವಿಜ್ಞಾನಕ್ಕೆ ಮೈಸೂರಿನ ಹೆರಿಗೆ ವಾರ್ಡಿನಿಂದ ಅಷ್ಟು ಸಿಕ್ಕಿದೆ. ಹಾಗೆ ಸಿಕ್ಕಿದ್ದು ನಮ್ಮೂರುಗಳಿಗೆ ವಾಪಸು ಬರಬೇಕಲ್ಲವಾ?

ಈಗ ನನ್ನ ವಾದಕ್ಕೆ ತೊಡಕಾಗುವ ಎರಡು ಕತೆಗಳನ್ನೂ ಹೇಳಿಬಿಡ್ತೀನಿ, ಮುಚ್ಚಿಟ್ಟರೆ ಅದು ಮಾರ್ಕೆಟಿಂಗ್ ಆಗುತ್ತೆ. ಹರಿಯಾಣ ಮತ್ತು ಕರ್ನಾಟಕದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ 'ಎಂ–ವೆಲ್‌ಕೇರ್' ಅಂತ ಒಂದು ಪ್ರಯೋಗ ನಡೆಯಿತು. ನರ್ಸ್ ಕೈಗೆ ಟ್ಯಾಬ್ಲೆಟ್ ಕಂಪ್ಯೂಟರ್ ಕೊಟ್ಟು, ರೋಗಿಯ ವಿವರ ಹಾಕಿದರೆ ಚಿಕಿತ್ಸೆಯ ಸಲಹೆ ಬರುವ ಸಾಫ್ಟ್‌ವೇರು. ಸುಮಾರು 3,700 ರೋಗಿಗಳು. 2019ರಲ್ಲಿ ಫಲಿತಾಂಶ ಬಂತು. ಬಿಪಿ, ಶುಗರ್ ಎರಡೂ ಗುಂಪಿನಲ್ಲೂ ಇಳಿದಿತ್ತು. ಟ್ಯಾಬ್ಲೆಟ್ ಇದ್ದ ಕಡೆ ಜಾಸ್ತಿಯೇನೂ ಇಳಿದಿರಲಿಲ್ಲ. ಇನ್ನೊಂದು ಕೇರಳದ್ದು. ತಿರುವನಂತಪುರ ಜಿಲ್ಲೆಯ 60 ಮತಗಟ್ಟೆ ಪ್ರದೇಶಗಳಲ್ಲಿ ಅಪಾಯದ ಅಂಚಿನಲ್ಲಿದ್ದ 1,007 ಜನರನ್ನು ಆರಿಸಿ, ಅರ್ಧ ಪ್ರದೇಶಗಳಲ್ಲಿ ಊರವರನ್ನೇ ಮುಂದಾಳು ಮಾಡಿ ಗುಂಪು ಕಟ್ಟಿದರು. ಎರಡು ವರ್ಷದ ಮೇಲೆ ಗುಂಪಿನ ಕಡೆ ಶೇ. 14.9 ಮಂದಿಗೆ, ಇನ್ನೊಂದು ಕಡೆ ಶೇ. 17.1 ಮಂದಿಗೆ ಶುಗರ್ ಬಂದಿತ್ತು. ಅಂಕಿಅಂಶದ ಕಟ್ಟುನಿಟ್ಟಿನಲ್ಲಿ ಅದನ್ನು ಗೆಲುವು ಅನ್ನೋಕೆ ಬರಲ್ಲ. ಆದರೆ ಗುಂಪಿನವರಲ್ಲಿ ಕುಡಿತ ಇಳಿದಿತ್ತು, ಹಣ್ಣು–ತರಕಾರಿ ತಿನ್ನೋದು ಏರಿತ್ತು.

'ನೋಡಿದ್ಯಾ, ಸೋತೇ ಹೋಯ್ತಲ್ಲ, ಇದಕ್ಕೆ ಯಾಕೆ ದುಡ್ಡು' ಅಂತೀರಾ? ನೀವು ನಿಮ್ಮ ಆಫೀಸಿನಲ್ಲಿ ಒಂದು ಬಟನ್ ಹಸಿರಿರಬೇಕಾ ನೀಲಿ ಇರಬೇಕಾ ಅಂತ ಎ–ಬಿ ಟೆಸ್ಟ್ ಮಾಡ್ತೀರಿ. ವ್ಯತ್ಯಾಸ ಬರದಿದ್ದರೆ 'ಗೊತ್ತಾಯ್ತಲ್ಲ' ಅಂತ ಮುಂದೆ ಹೋಗ್ತೀರಿ. ಮನುಷ್ಯರ ಕಾಲಿನ ವಿಷಯದಲ್ಲಿ ಯಾಕೆ ಆ ತಾಳ್ಮೆ ಇಲ್ಲ? ಆ ಪ್ರಯೋಗ ನಡೆಯದೇ ಇದ್ದಿದ್ದರೆ ಯಾರೋ ಒಬ್ಬರು ರಾಜ್ಯದ ಎಲ್ಲ ಆರೋಗ್ಯ ಕೇಂದ್ರಕ್ಕೂ ಟ್ಯಾಬ್ಲೆಟ್ ಕಂಪ್ಯೂಟರ್ ಖರೀದಿಸಿ ಟೇಪು ಕತ್ತರಿಸಿರುತ್ತಿದ್ದರು. ನಮ್ಮ ಕ್ಯಾಂಪುಗಳನ್ನು ಯಾರಾದರೂ ಹೀಗೆ ಅಳೆದಿದ್ದಾರಾ? ಆ ಇನ್ನೂರು ಚಿಲ್ಲರೆ ಜನರಲ್ಲಿ ಎಷ್ಟು ಮಂದಿ ಡಾಕ್ಟರ್ ಹತ್ತಿರ ಹೋದರು ಅಂತ ನಮ್ಮ ವರದಿಯಲ್ಲಿ ಇತ್ತಾ? ಇರಲಿಲ್ಲ. ಎಷ್ಟು ಜನರ ಬೆರಳು ಚುಚ್ಚಿದೆವು ಅನ್ನೋದು ಮಾತ್ರ ದಪ್ಪಕ್ಷರದಲ್ಲಿತ್ತು. ಸೋತದ್ದು ಅಂತ ಒಪ್ಪಿಕೊಳ್ಳುವ ಸಂಶೋಧನೆಗಿಂತ, ಅಳೆಯದೇ ಗೆದ್ದೆ ಅನ್ನುವ ಕ್ಯಾಂಪು ಎಷ್ಟೋ ಪಾಲು ದುಬಾರಿ.

ಇನ್ನೊಂದು ಆಕ್ಷೇಪಣೆ ನನ್ನನ್ನೂ ಕಾಡಿದ್ದು. ಜನಕ್ಕೆ ಮಾತ್ರೆಯೇ ಸಿಗದಿರುವಾಗ ಸಂಶೋಧನೆ ಅಂತ ಕೂರೋದು ಮನೆಗೆ ಬೆಂಕಿ ಬಿದ್ದಾಗ ಬಾವಿಯ ಆಳ ಅಳೆದ ಹಾಗಲ್ಲವಾ? ಒಪ್ತೀನಿ, ಮೊದಲು ಮಾತ್ರೆ. ಮಾತ್ರೆ ಕೊಡದೆ ಬರೀ ಪ್ರಶ್ನಾವಳಿ ತುಂಬಿಸಿಕೊಂಡು ಹೋಗುವವರನ್ನು ಊರೊಳಗೆ ಬಿಡಬಾರದು. ನಾನು ಹೇಳೋದು ಮಾತ್ರೆಯ ಜೊತೆಗೇ ನಡೆಯುವ ಸಂಶೋಧನೆಯನ್ನು. ಅದಕ್ಕೆ ಈಗ ಒಳ್ಳೆ ಹೊತ್ತು. 2024ರಲ್ಲಿ ಕೋಲಾರದಿಂದ ಶುರುವಾದ ರಾಜ್ಯ ಸರ್ಕಾರದ 'ಗೃಹ ಆರೋಗ್ಯ' ಯೋಜನೆ ಮನೆಬಾಗಿಲಿಗೇ ಹೋಗಿ ತಪಾಸಣೆ ಮಾಡುವ ಮಾತಾಡುತ್ತಿದೆ. ಒಳ್ಳೆಯದೇ. ಆದರೆ ಬೆರಳು ಚುಚ್ಚಿದ ಮರುದಿನ ಏನಾಯ್ತು, ಆರು ತಿಂಗಳ ಮೇಲೆ ಎಷ್ಟು ಮಂದಿ ಮಾತ್ರೆ ನುಂಗುತ್ತಿದ್ದಾರೆ, ಬಿಟ್ಟವರು ಯಾಕೆ ಬಿಟ್ಟರು ಅಂತ ಸರ್ಕಾರಕ್ಕೆ ಸೇರದ ಯಾರಾದರೂ ಪಕ್ಕದಲ್ಲಿ ನಿಂತು ಬರೆದಿಡದಿದ್ದರೆ, ಅದೂ ಚೀಟಿ ಹಂಚುವ ಕಾರ್ಯಕ್ರಮವಾಗಿ ಮುಗಿಯಬಹುದು. ಟ್ರಂಕಿನ ಕವರಿಗೆ ಐದನೇ ಚೀಟಿ.

'ಸರ್ಕಾರ ಮಾಡಲಿ, ನಾವು ಟ್ಯಾಕ್ಸ್ ಕಟ್ತಿಲ್ವಾ' ಅನ್ನುವವರಿಗೆ: ಕಟ್ಟುವವರಿಗೆ ಕೇಳುವ ಹಕ್ಕಿದೆ, ಕೇಳಿ. ಆದರೆ ನಮ್ಮ ಕೈಯಲ್ಲೇ ಇರುವ ದುಡ್ಡಿನ ಕತೆ ಏನು? 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಸರಾಸರಿಯ ಶೇ. 2ರಷ್ಟು ಸಿಎಸ್‌ಆರ್‌ಗೆ ಕೊಡಲೇಬೇಕು. ಒಂದು ದಿನದ ಕ್ಯಾಂಪನ್ನೇ ಮಾಡಿ ಅಂತ ಕಾನೂನು ಹೇಳಿಲ್ಲ. 2021ರ ನಿಯಮದಲ್ಲಿ ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ನಡೆಸುವ ಯೋಜನೆಗೆ ಅವಕಾಶ ಇದೆ. ಕಾಯ್ದೆಯ 7ನೇ ಪರಿಶಿಷ್ಟದಲ್ಲಿ ಸಾರ್ವಜನಿಕ ವಿಶ್ವವಿದ್ಯಾಲಯಗಳ, ಐಸಿಎಂಆರ್‌ನಂಥ ಸಂಸ್ಥೆಗಳ ಸಂಶೋಧನೆಗೆ ಕೊಡೋದಕ್ಕೂ ಜಾಗ ಇದೆ. ಹಾಗಾಗಿ 'ಸಂಶೋಧನೆ ಸಿಎಸ್‌ಆರ್‌ನಲ್ಲಿ ಬರಲ್ಲ' ಅಂತ ಯಾರಾದರೂ ಹೇಳಿದರೆ ಪರಿಶಿಷ್ಟ ತೆಗೆದು ತೋರಿಸಿ.

ಈ ವರ್ಷವೂ ನಮ್ಮ ಆಫೀಸಿನಲ್ಲಿ ಅದೇ ಮೇಲ್ ಬಂತು. 'ನವೆಂಬರ್ 14ಕ್ಕೆ ಯಾವ ಹಳ್ಳಿ?' ಈ ಸಲವೂ ನಾನೇ ಮೊದಲು ಉತ್ತರ ಬರೆದೆ, ನಾಲ್ಕು ಪ್ರಶ್ನೆ ಕೇಳಿ. ಕ್ಯಾಂಪಿನ ಮರುದಿನ ಊರಲ್ಲಿ ಯಾರು ಇರ್ತಾರೆ? ನಂಬರು ಜಾಸ್ತಿ ಬಂದವರ ಹೆಸರು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದ ಪಟ್ಟಿಗೆ ಅವತ್ತೇ ಸೇರುತ್ತಾ? ವರ್ಷದ ಮೇಲೆ ಎಷ್ಟು ಜನ ಹತೋಟಿಯಲ್ಲಿದ್ದಾರೆ ಅಂತ ಅಳೆಯೋಕೆ ಎಷ್ಟು ದುಡ್ಡು ಇಟ್ಟಿದ್ದೀರಿ? ಫಲಿತಾಂಶ ಕೆಟ್ಟದಾಗಿ ಬಂದರೆ ಅದನ್ನೂ ಪ್ರಕಟಿಸ್ತೀರಾ? ಫ್ಲೆಕ್ಸು, ಟೀ ಶರ್ಟು, ಬಸ್ಸು, ವಿಡಿಯೊ ಇವಕ್ಕಾಗುವ ಖರ್ಚನ್ನು ಕೂಡಿಸಿ, ಒಬ್ಬ ನರ್ಸಿಗೆ ಕೆಲವು ತಿಂಗಳ ಸಂಬಳ ಆಗುತ್ತೆ ಅಂತಲೂ ಲೆಕ್ಕ ಹಾಕಿ ಕಳಿಸಿದೆ. 'ಒಳ್ಳೆಯ ಪಾಯಿಂಟ್, ಮುಂದಿನ ಕ್ವಾರ್ಟರ್‌ನಲ್ಲಿ ಮಾತಾಡೋಣ' ಅಂತ ಬಂದಿದೆ. ನಿಮ್ಮ ಆಫೀಸಿನಲ್ಲೂ ಇಂಥ ಮೇಲ್ ಬರುತ್ತೆ. ನೀವೂ ಇದೇ ಪ್ರಶ್ನೆ ಕೇಳಿ. ಒಬ್ಬ ಕೇಳಿದರೆ ಮುಂದಿನ ಕ್ವಾರ್ಟರ್, ನೂರು ಜನ ಕೇಳಿದರೆ ಈ ಕ್ವಾರ್ಟರ್. ನಮ್ಮ ಕಂಪನಿಗಳ ಸ್ವಭಾವ ನಮಗೆ ಗೊತ್ತಿಲ್ಲವಾ?

ದುಡ್ಡು, ಕಂಪನಿ ಬಿಟ್ಟು ಇನ್ನೊಂದು ಕೆಲಸವೂ ಇದೆ. ಹಬ್ಬಕ್ಕೆ ಊರಿಗೆ ಹೋಗ್ತೀರಿ, ಹಿರಿಯರ ಕಾಲಿಗೆ ಬೀಳ್ತೀರಿ. ಬಿದ್ದಾಗ ಇನ್ನೊಂದು ನಿಮಿಷ ಅಲ್ಲೇ ಕೂತುಕೊಳ್ಳಿ. ಅವರಿಗೆ ಕಣ್ಣು ಮುಚ್ಚೋಕೆ ಹೇಳಿ ಆ ಆರು ಬೆರಳು ಮುಟ್ಟಿ. ಅಂಗಾಲು ಎತ್ತಿ ನೋಡಿ. ಗೊತ್ತಾಗಲಿಲ್ಲ ಅಂದರೆ ನೀವೇ ಕರೆದುಕೊಂಡು ಡಾಕ್ಟರ್ ಹತ್ತಿರ ಹೋಗಿ, ಚೀಟಿ ಬರೆದುಕೊಟ್ಟು ಬಸ್ಸು ಹತ್ತಬೇಡಿ.

ಕಳೆದ ಯುಗಾದಿಗೆ ನಾನು ಊರಿಗೆ ಹೋಗಿದ್ದೆ. ದೊಡ್ಡಪ್ಪ ಪಡಸಾಲೆಯಲ್ಲಿ ಕುರ್ಚಿ ಮೇಲೆ ಕೂತಿದ್ದರು. ಬೇವು–ಬೆಲ್ಲದಲ್ಲಿ ಬೆಲ್ಲ ಬೇಡ ಅಂತ ಬರೀ ಬೇವು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದರು. ನಾನು ಕಾಲಿಗೆ ಬಿದ್ದು ಅಲ್ಲೇ ಕೂತೆ. 'ಕಣ್ಣು ಮುಚ್ಚು ದೊಡ್ಡಪ್ಪ, ಮುಟ್ಟಿದಾಗ ಹೇಳು' ಅಂದೆ. ಅವರು ನಕ್ಕು ಕಣ್ಣು ಮುಚ್ಚಿದರು. ಉಳಿದ ಎಡಗಾಲಿನ ಹೆಬ್ಬೆರಳು ಮುಟ್ಟಿದೆ. ನಡುಬೆರಳು ಮುಟ್ಟಿದೆ. ಕಿರುಬೆರಳು ಮುಟ್ಟಿದೆ. ಕೈ ತೆಗೆದು ಅವರ ಮುಖ ನೋಡುತ್ತಾ ಕೂತೆ.

ಸ್ವಲ್ಪ ಹೊತ್ತು ಬಿಟ್ಟು, ಕಣ್ಣು ಮುಚ್ಚಿಕೊಂಡೇ ಅಂದರು:

'ಯಾಕಪ್ಪ ಸುಮ್ನೆ ಕುಂತೆ? ಮುಟ್ಟು ಮತ್ತೆ.'